‘ಇಟ್’ ಎಲ್ಲಿ ಕೂರಬೇಕು?

ಅರಸೀಕೆರೆಯ ಮಾರುಕಟ್ಟೆಗೆ ಕೊಬ್ಬರಿ ಚೀಲ ತುಂಬಿಕೊಂಡು ಬರುವ ಸಣ್ಣ ಗಾಡಿಗೆ ಪಿಕಪ್ ಎಂದು ಹೆಸರು. ಜಂಕ್ಷನ್ನಿನಲ್ಲಿ ಇಳಿದ ನೆಂಟರನ್ನು ಬೈಕಿನಲ್ಲಿ ಕರೆತರುವುದೂ ಪಿಕಪ್ ಮಾಡುವುದೇ. ಇಂಗ್ಲಿಷ್ ಅಕ್ಷರಮಾಲೆ ಕಲಿಯುವ ಮೊದಲೇ ಮಗುವಿನ ಬಾಯಲ್ಲಿ ಈ ಮಾತು ಇರುತ್ತದೆ. ಚೆಕಪ್, ಮೇಕಪ್, ಬಿಲ್ಡಪ್, ಬ್ಯಾಕಪ್ ಎಲ್ಲವೂ ಹೀಗೇ ಕಿವಿಯಿಂದ ಬಂದು ಕೂತಿರುತ್ತವೆ. ಅದೇ ಮಗು ಹೈಸ್ಕೂಲಿಗೆ ಬಂದು ‘ಅವನನ್ನು ಸ್ಟೇಷನ್ನಿನಿಂದ ಕರಕೊಂಡು ಬಂದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಐ ಪಿಕ್ಡ್ ಅಪ್ ಹಿಮ್’ ಎಂದು ಬರೆಯುತ್ತದೆ. ಕೆಂಪು ಗೆರೆ ಬೀಳುತ್ತದೆ, ಪಕ್ಕದಲ್ಲಿ ‘ಐ ಪಿಕ್ಡ್ ಹಿಮ್ ಅಪ್’ ಎಂಬ ತಿದ್ದುಪಡಿ ಬರುತ್ತದೆ. ಯಾಕೆ ಎಂಬುದು ಮಾತ್ರ ಬರುವುದಿಲ್ಲ.

ಆ ‘ಯಾಕೆ’ಗೆ ಉತ್ತರವಿದೆ. ಅದನ್ನು ಕನ್ನಡದಲ್ಲೇ ಹೇಳಬಹುದು, ಅಷ್ಟೇ ಅಲ್ಲ, ಕನ್ನಡದ ವ್ಯಾಕರಣವನ್ನು ಮುಂದಿಟ್ಟುಕೊಂಡು ಹೇಳಿದರೇ ಅದು ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ವಾದ. ‘ಪಿಕ್ ಅಪ್’ನಂಥ ಜೋಡಿಗಳು, ಅಂದರೆ ಫ್ರೇಸಲ್ ವರ್ಬ್‌ಗಳು, ಉರು ಹೊಡೆಯಬೇಕಾದ ಪಟ್ಟಿ ಎಂದು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಗೈಡುಗಳಲ್ಲಿ ಅದೊಂದು ಪಟ್ಟಿ, ಪರೀಕ್ಷೆ ಹತ್ತಿರ ಬಂದಾಗ ಹಂಚುವ ಪಾಸಿಂಗ್ ಪ್ಯಾಕೇಜಿನಲ್ಲಿ ಇನ್ನೂ ಚಿಕ್ಕದಾದ ಒಂದು ಪಟ್ಟಿ. ಎಡಗಡೆ ಇಂಗ್ಲಿಷು, ಬಲಗಡೆ ಅರ್ಥ. ಆ ಪಟ್ಟಿ ಎಷ್ಟು ಉದ್ದವಾದರೂ ‘ಹಿಮ್’ ಎಲ್ಲಿ ಕೂರಬೇಕೆಂದು ಅದು ಹೇಳುವುದಿಲ್ಲ.

ಮೊದಲು ನಿಯಮವನ್ನು ನೋಡೋಣ. ಚೀಲವನ್ನು ಎತ್ತಿಕೋ ಎನ್ನಲು ಇಂಗ್ಲಿಷಿನಲ್ಲಿ ‘ಪಿಕ್ ಅಪ್ ದ ಬ್ಯಾಗ್’ ಎನ್ನಬಹುದು, ‘ಪಿಕ್ ದ ಬ್ಯಾಗ್ ಅಪ್’ ಎಂದರೂ ಸರಿ. ಆದರೆ ಚೀಲದ ಬದಲು ‘ಅದು’ ಬಂದ ಕೂಡಲೇ ಆಯ್ಕೆ ಹೋಯಿತು. ‘ಪಿಕ್ ಇಟ್ ಅಪ್’ ಒಂದೇ ದಾರಿ. ನಾಮಪದಕ್ಕಿರುವ ಸ್ವಾತಂತ್ರ್ಯ ಸರ್ವನಾಮಕ್ಕೆ ಯಾಕಿಲ್ಲ? ಇಂಗ್ಲಿಷ್ ವಾಕ್ಯದಲ್ಲಿ ಕೊನೆಯ ಜಾಗ ತೂಕದ ಜಾಗ. ಕೇಳುವವನಿಗೆ ಹೊಸದಾಗಿ ತಿಳಿಸಬೇಕಾದದ್ದು ಸಾಮಾನ್ಯವಾಗಿ ಅಲ್ಲಿಗೆ ಬರುತ್ತದೆ, ದನಿಯ ಒತ್ತೂ ಅಲ್ಲೇ ಬೀಳುತ್ತದೆ. ‘ಇಟ್’ ಎಂದಾಗ ಯಾವುದರ ಬಗ್ಗೆ ಮಾತು ಎಂದು ಇಬ್ಬರಿಗೂ ಗೊತ್ತು, ಅದರಲ್ಲಿ ಹೊಸತೇನೂ ಇಲ್ಲ. ಆದ್ದರಿಂದ ಇಂಗ್ಲಿಷ್ ಅದನ್ನು ಒತ್ತಿಲ್ಲದ ನಡುವಿನ ಜಾಗದಲ್ಲಿ ಸೇರಿಸಿ, ಕೊನೆಯ ಜಾಗವನ್ನು ‘ಅಪ್’ಗೆ ಕೊಡುತ್ತದೆ. ‘ಅವನನ್ನೇ, ಬೇರೆಯವರನ್ನಲ್ಲ’ ಎಂದು ಬಲವಾಗಿ ಒತ್ತಿ ಹೇಳುವಾಗ ಸರ್ವನಾಮ ಕೆಲವೊಮ್ಮೆ ಕೊನೆಗೆ ಬರುವುದುಂಟು. ಅದಕ್ಕೂ ಕಾರಣ ಇದೇ: ಒತ್ತು ಬಂದಾಗ ಅದಕ್ಕೆ ತೂಕ ಬಂತು.

ಕನ್ನಡವೂ ಗೊತ್ತಿರುವುದಕ್ಕೆ ತೂಕ ಕೊಡುವುದಿಲ್ಲ, ಆದರೆ ಅದರ ದಾರಿ ಬೇರೆ. ‘ಲೈಟ್ ಆಫ್ ಮಾಡಿದೆಯಾ?’ ಎಂದು ಅಮ್ಮ ಕೇಳಿದರೆ ‘ಮಾಡಿದೆ’ ಎಂದರೆ ಸಾಕು. ಲೈಟೂ ಇಲ್ಲ, ‘ಅದನ್ನು’ ಎಂಬುದೂ ಇಲ್ಲ. ಇಬ್ಬರಿಗೂ ತಿಳಿದದ್ದನ್ನು ನಾವು ಬಿಟ್ಟೇಬಿಡುತ್ತೇವೆ. ಇಂಗ್ಲಿಷಿಗೆ ಆ ಅನುಕೂಲವಿಲ್ಲ, ಕರ್ಮಪದ ಇರಲೇಬೇಕು. ಬಿಡಲು ಬಾರದ್ದನ್ನು ಅದು ನಡುವೆ ಅಡಗಿಸುತ್ತದೆ. ಇಷ್ಟನ್ನು ಹೇಳಿದರೆ ಹದಿಮೂರು ವರ್ಷದ ಮಗುವಿಗೆ ಅರ್ಥವಾಗುತ್ತದೆ, ಯಾಕೆಂದರೆ ಅದರ ಅರ್ಧ ಭಾಗವನ್ನು ಆ ಮಗು ದಿನವೂ ಮನೆಯಲ್ಲಿ ಮಾಡುತ್ತಿದೆ.

ಹಾಗಾದರೆ ‘ಪಿಕ್ಡ್ ಅಪ್ ಹಿಮ್’ ಎಂಬ ತಪ್ಪು ಎಲ್ಲಿಂದ ಹುಟ್ಟುತ್ತದೆ? ಅಜ್ಞಾನದಿಂದಲ್ಲ, ತಿಳಿವಳಿಕೆಯಿಂದ ಎನ್ನುತ್ತೇನೆ. ಎರಡು ಬಗೆಯ ತಿಳಿವಳಿಕೆ ಅಲ್ಲಿ ಕೆಲಸ ಮಾಡುತ್ತದೆ.

ಒಂದು, ಎರವಲು ಮಾತಿನದು. ಪಿಕಪ್, ಚೆಕಪ್, ಬ್ಯಾಕಪ್ ಇವು ಇಂಗ್ಲಿಷಿನಲ್ಲೂ ನಾಮಪದಗಳಾಗಿರುವಾಗ ಬಿಡಿಸಲಾಗದ ಒಂದೇ ಪದಗಳು. ಅವುಗಳ ಒತ್ತು ಮೊದಲ ಅಕ್ಷರದ ಮೇಲೆ, ನಡುವೆ ಏನನ್ನೂ ಸೇರಿಸುವಂತಿಲ್ಲ. ಕನ್ನಡ ಆ ಗಟ್ಟಿ ರೂಪವನ್ನೇ ತೆಗೆದುಕೊಂಡು ಮಾಡು, ಮಾಡಿಸು, ಕೊಡು, ತಗೊ ಸೇರಿಸಿತು. ‘ಅವನನ್ನ ಪಿಕಪ್ ಮಾಡು’ ಎಂದು ಬೆಳೆದ ಮಗುವಿಗೆ ‘ಪಿಕ್’ ಬೇರೆ, ‘ಅಪ್’ ಬೇರೆ ಎಂದು ಅನ್ನಿಸಲು ಕಾರಣವೇ ಇಲ್ಲ. ಆದರೆ ಇನ್ನೊಂದು ಗುಂಪನ್ನು ಗಮನಿಸಿ. ಸ್ವಿಚ್ಚಿನ ವಿಷಯದಲ್ಲಿ ನಾವು ಕ್ರಿಯಾಪದವನ್ನು ಕೈಬಿಟ್ಟು ‘ಆನ್’, ‘ಆಫ್’ ಎಂಬ ಪುಟ್ಟ ಪದಗಳನ್ನಷ್ಟೇ ಇಟ್ಟುಕೊಂಡೆವು. ‘ಅದನ್ನ ಆಫ್ ಮಾಡು’ ಎನ್ನುತ್ತೇವೆ. ಇಲ್ಲಿ ‘ಅದನ್ನ’ ಮೊದಲು, ‘ಆಫ್’ ಆಮೇಲೆ. ‘ಸ್ವಿಚ್ ಇಟ್ ಆಫ್’ನಲ್ಲೂ ಇಟ್ ಮೊದಲು, ಆಫ್ ಆಮೇಲೆ. ಇಂಗ್ಲಿಷ್ ಬಾರದ ಅಜ್ಜಿಯೂ ಪಂಪ್‌ಸೆಟ್ಟಿನ ಬಗ್ಗೆ ಹೇಳುವಾಗ ಈ ಕ್ರಮವನ್ನು ಸರಿಯಾಗಿ ಪಾಲಿಸುತ್ತಾಳೆ. ‘ಸ್ವಿಚ್ ಆಫ್ ಇಟ್’ ಎಂದು ಬರೆದ ಮಗುವಿಗೆ ಇದನ್ನು ತೋರಿಸಿಕೊಟ್ಟರೆ ತಿದ್ದುಪಡಿ ಹೊರಗಿನಿಂದ ಬಂದ ಅಪ್ಪಣೆಯಾಗಿ ಉಳಿಯುವುದಿಲ್ಲ.

ಎರಡನೆಯದು ಇನ್ನೂ ಆಳದ್ದು, ಕನ್ನಡದ ಕ್ರಿಯಾಪದದ ಸ್ವಭಾವಕ್ಕೆ ಸೇರಿದ್ದು. ಇಂಗ್ಲಿಷಿನ ‘ಈಟ್ ಅಪ್’ನಲ್ಲಿ ‘ಅಪ್’ ಮೇಲೆ ಎಂಬ ಅರ್ಥ ಕೊಡುತ್ತಿಲ್ಲ, ಪೂರ್ತಿ ಮುಗಿಸು ಎನ್ನುತ್ತಿದೆ. ಕನ್ನಡದಲ್ಲಿ ಆ ಕೆಲಸವನ್ನು ‘ಬಿಡು’ ಮಾಡುತ್ತದೆ: ತಿಂದುಬಿಡು, ಕುಡಿದುಬಿಡು, ಮುಗಿಸಿಬಿಡು. ‘ರೈಟ್ ಡೌನ್’ನ ‘ಡೌನ್’ ಮಾಡುವ ಕೆಲಸವನ್ನು ನಮ್ಮ ‘ಕೊಳ್ಳು’ ಬಹುಮಟ್ಟಿಗೆ ಮಾಡುತ್ತದೆ. ಮೇಷ್ಟ್ರು ‘ಬರಕೊಳ್ಳಿ’ ಎನ್ನುವುದು ಅದೇ. ‘ಥ್ರೋ ಅವೇ’ಗೆ ಹಾಸನದ ಕಡೆಯ ‘ಬಿಸಾಕು’ಗಿಂತ ಹತ್ತಿರದ ಮಾತು ನನಗೆ ಗೊತ್ತಿಲ್ಲ. ಎರಡು ಪದ ಕೂಡಿ, ಎರಡನೆಯದು ತನ್ನ ಮೂಲ ಅರ್ಥ ಬಿಟ್ಟು, ಮೊದಲನೆಯದರ ಅರ್ಥವನ್ನು ತಿರುಗಿಸುವ ಈ ಕಲೆ ಕನ್ನಡ ಮಗುವಿಗೆ ಮಾತು ಬಂದಾಗಲೇ ಬಂದಿರುತ್ತದೆ. ಆದರೆ ಕನ್ನಡದ ಈ ಜೋಡಿಯ ನಡುವೆ ‘ಅದನ್ನು’ ಸೇರಿಸಿ ನೋಡಿ. ‘ಅದನ್ನು ತಿಂದುಬಿಡು’ ಸರಿ. ‘ತಿಂದು ಅದನ್ನು ಬಿಡು’ ಎಂದರೆ ಅರ್ಥವೇ ಬೇರೆ, ತಿಂದಾದ ಮೇಲೆ ಇನ್ನೇನನ್ನೋ ಬಿಡಬೇಕು. ಜೋಡಿ ಕ್ರಿಯಾಪದವನ್ನು ಸರ್ವನಾಮದಿಂದ ಒಡೆಯಬಾರದು ಎಂಬುದು ಕನ್ನಡದ ನಿಯಮ. ಮಗು ಆ ನಿಯಮವನ್ನು ನಿಷ್ಠೆಯಿಂದ ಇಂಗ್ಲಿಷಿಗೂ ಒಯ್ಯುತ್ತದೆ.

ಈ ನಿಯಮಕ್ಕೂ ಒಂದು ಕಿಂಡಿ ಇದೆ, ಪಾಠ ಹೇಳುವವರಿಗೆ ಅದು ತುಂಬ ಉಪಯೋಗದ್ದು. ‘ತಿಂದೇಬಿಟ್ಟ’ ಎನ್ನುತ್ತೇವಲ್ಲ, ಅಲ್ಲಿ ‘ಏ’ ಒಳಗೆ ಹೋಯಿತು. ‘ತಿಂದೂಬಿಟ್ಟ’ ಎಂದಾಗ ‘ಊ’ ಹೋಯಿತು. ಕನ್ನಡದ ಜೋಡಿ ಕ್ರಿಯಾಪದ ದೊಡ್ಡ ಪದವನ್ನು ಒಳಗೆ ಬಿಡುವುದಿಲ್ಲ, ತನ್ನ ಕಾಲಮೇಲೆ ನಿಲ್ಲಲಾರದ ಒಂದಕ್ಷರದ ಪದಗಳನ್ನು ಬಿಡುತ್ತದೆ. ಇಂಗ್ಲಿಷಿನ ‘ಇಟ್’, ‘ಹಿಮ್’, ‘ದೆಮ್’ ಕೂಡ ಮಾತಿನ ಓಟದಲ್ಲಿ ಹಾಗೆಯೇ ಕರಗಿ ಕ್ರಿಯಾಪದಕ್ಕೆ ಅಂಟಿಕೊಳ್ಳುವಂಥವು. ‘ಪಿಕ್ ಇಟ್ ಅಪ್’ ಆಡುವಾಗ ‘ಪಿಕಿಟಪ್’ ಆಗುತ್ತದೆ. ‘ತಿಂದೇಬಿಟ್ಟ’ದ ‘ಏ’ ಇದ್ದ ಹಾಗೆ ಈ ‘ಇಟ್’ ಎಂದು ಒಮ್ಮೆ ಹೇಳಿ, ಹತ್ತು ಸಲ ಬಾಯಲ್ಲಿ ಆಡಿಸಿದರೆ ಕಿವಿಗೆ ಅದು ಹಿಡಿಯುತ್ತದೆ. ಏ ಸರ್ವನಾಮವಲ್ಲ, ಹೋಲಿಕೆ ಪೂರ್ಣವಲ್ಲ ಎಂಬುದು ನಿಜ. ಕಲಿಕೆಯ ಮೆಟ್ಟಿಲಿಗೆ ಅಷ್ಟು ಸಾಕು.

ಈಗ ಹೆಚ್ಚು ಗೋಳು ಹೊಯ್ದುಕೊಳ್ಳುವ ವಿಷಯಕ್ಕೆ ಬರುತ್ತೇನೆ. ‘ಸರ್ವನಾಮ ನಡುವೆ ಬರಲಿ’ ಎಂದು ಕಲಿತ ಮಗು ಮಾರನೆಯ ದಿನ ‘ಲುಕ್ ಹಿಮ್ ಆಫ್ಟರ್’ ಎಂದು ಬರೆಯುತ್ತದೆ, ಅದೂ ತಪ್ಪು. ಅಲ್ಲಿ ‘ಲುಕ್ ಆಫ್ಟರ್ ಹಿಮ್’ ಎನ್ನಬೇಕು. ರೈಲು ಹತ್ತಲು ‘ಗೆಟ್ ಆನ್ ಇಟ್’, ಚಪ್ಪಲಿ ಹಾಕಿಕೊಳ್ಳಲು ‘ಪುಟ್ ದೆಮ್ ಆನ್’. ಎರಡರಲ್ಲೂ ‘ಆನ್’ ಇದೆ, ಆದರೂ ಸರ್ವನಾಮದ ಜಾಗ ಬೇರೆ. ಇಲ್ಲಿಗೆ ಬಂದಾಗಲೇ ಬಹಳಷ್ಟು ಮಂದಿ ‘ಇಂಗ್ಲಿಷಿಗೆ ತಲೆಬುಡ ಇಲ್ಲ, ಉರು ಹೊಡಿ’ ಎಂದು ಕೈಚೆಲ್ಲುವುದು.

ತಲೆಬುಡ ಇದೆ. ಆ ಪುಟ್ಟ ಪದ ಕ್ರಿಯಾಪದದ ಕಡೆಯದೋ ಸರ್ವನಾಮದ ಕಡೆಯದೋ ಎಂಬುದೇ ಪ್ರಶ್ನೆ. ಕನ್ನಡ ಇದನ್ನು ವಿಭಕ್ತಿಯಿಂದ ಹೇಳುತ್ತದೆ. ‘ಬಾವಿಗೆ ಬಿದ್ದವನನ್ನು ಮೇಲೆತ್ತಿದರು’ ಎಂಬಲ್ಲಿ ‘ಮೇಲೆ’ ಎಂಬುದು ಎತ್ತುವುದಕ್ಕೆ ಸೇರಿದೆ, ಮನುಷ್ಯನಿಗೆ ‘ಅನ್ನು’ ಬಂದಿದೆ. ‘ಹುಲಿ ಅವನ ಮೇಲೆ ಎರಗಿತು’ ಎಂಬಲ್ಲಿ ‘ಮೇಲೆ’ ಅವನಿಗೆ ಸೇರಿದೆ, ಅಲ್ಲಿ ‘ಅವನ’ ಎಂಬ ಷಷ್ಠಿ. ಒಂದೇ ‘ಮೇಲೆ’ಗೆ ಎರಡು ಸಂಬಂಧ. ಇಂಗ್ಲಿಷಿನ ಸರ್ವನಾಮಕ್ಕೆ ಅಷ್ಟು ವಿಭಕ್ತಿಗಳಿಲ್ಲ. ಅವನನ್ನು, ಅವನ ಮೇಲೆ, ಅವನೊಳಗೆ ಎಲ್ಲಕ್ಕೂ ‘ಹಿಮ್’ ಒಂದೇ. ಆದ್ದರಿಂದ ಅದು ಜಾಗದಿಂದ ಹೇಳುತ್ತದೆ. ಪುಟ್ಟ ಪದ ಕ್ರಿಯಾಪದದ್ದಾದರೆ ಸರ್ವನಾಮ ನಡುವೆ: ‘ಪುಲ್ ಹಿಮ್ ಅಪ್’, ‘ಥ್ರೋ ಹಿಮ್ ಔಟ್’. ನಮ್ಮಲ್ಲೂ ಅವನನ್ನು ಮೇಲೆತ್ತು, ಅವನನ್ನು ಹೊರಹಾಕು. ಪುಟ್ಟ ಪದ ಸರ್ವನಾಮದ್ದಾದರೆ ಸರ್ವನಾಮ ಅದರ ಹಿಂದೆ: ‘ಜಂಪ್ ಆನ್ ಹಿಮ್’. ನಮ್ಮಲ್ಲೂ ಅವನ ಮೇಲೆ ಹಾರು.

ಈ ವ್ಯತ್ಯಾಸ ಬರೀ ಕೆಂಪು ಗೆರೆಯ ವಿಷಯವಲ್ಲ. ‘ಸೀ ಥ್ರೂ ಹಿಮ್’ ಎಂದರೆ ಅವನ ಕಪಟ ನಮಗೆ ಗೊತ್ತಾಯಿತು ಎಂದು. ‘ಸೀ ಹಿಮ್ ಥ್ರೂ’ ಎಂದರೆ ಕಷ್ಟದ ಕೊನೆಯವರೆಗೂ ಅವನ ಜೊತೆ ನಿಂತೆವು ಎಂದು. ಪದಗಳು ಮೂರೂ ಅವೇ, ಜಾಗ ಬದಲಾದರೆ ಸ್ನೇಹಿತ ಮೋಸಗಾರನಾಗುತ್ತಾನೆ. ‘ಹೇಗೆ ಹೇಳಿದರೂ ಅರ್ಥವಾಗುತ್ತಲ್ಲ, ಅಷ್ಟಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು’ ಎನ್ನುವವರಿಗೆ ಇದು ನನ್ನ ಮೊದಲ ಉತ್ತರ. ಎರಡನೆಯ ಉತ್ತರ ಕಹಿಯಾದದ್ದು. ಕೆಲಸದ ಸಂದರ್ಶನದಲ್ಲಿ ಎದುರಿಗೆ ಕೂತವರು ‘ಅರ್ಥವಾಯಿತಲ್ಲ’ ಎಂದು ಸುಮ್ಮನಾಗುವುದಿಲ್ಲ. ಒಂದು ‘ಇಟ್’ ಜಾಗ ತಪ್ಪಿದರೆ ‘ಹಳ್ಳಿ ಕಡೆಯವನು, ಕನ್ನಡ ಮೀಡಿಯಂ’ ಎಂದು ಅಳೆದುಬಿಡುತ್ತಾರೆ. ಆ ಅಳತೆ ಅನ್ಯಾಯದ್ದು. ಅದು ನಿಲ್ಲುವವರೆಗೂ ನಮ್ಮ ಮಕ್ಕಳನ್ನು ಅದಕ್ಕೆ ಸಿಕ್ಕಿಹಾಕಿಸುವುದೂ ಅನ್ಯಾಯವೇ.

ವಿಭಕ್ತಿಯ ಪರೀಕ್ಷೆ ಎಲ್ಲ ಕಡೆಯೂ ನಡೆಯುವುದಿಲ್ಲ. ‘ಲುಕ್ ಆಫ್ಟರ್ ಹಿಮ್’ಗೆ ಕನ್ನಡದಲ್ಲಿ ‘ಅವನನ್ನು ನೋಡಿಕೋ’, ‘ಲುಕ್ ಫಾರ್ ಇಟ್’ಗೆ ‘ಅದನ್ನು ಹುಡುಕು’. ಎರಡರಲ್ಲೂ ‘ಅನ್ನು’ ಇದ್ದರೂ ಸರ್ವನಾಮ ಕೊನೆಯಲ್ಲಿದೆ. ಪುಟ್ಟ ಪದದಲ್ಲಿ ದಿಕ್ಕು ಇನ್ನೂ ಕಾಣುತ್ತಿರುವಲ್ಲಿ, ಎಂದರೆ ಮೇಲೆ, ಕೆಳಗೆ, ಒಳಗೆ, ಹೊರಗೆ ಎಂಬ ಅರ್ಥ ಉಳಿದಿರುವಲ್ಲಿ ಪರೀಕ್ಷೆ ಗಟ್ಟಿ. ಅರ್ಥ ಪೂರ್ತಿ ಬದಲಾದ ಕಡೆ ನೆನಪನ್ನೇ ನಂಬಬೇಕು. ಹಾಗಿದ್ದರೂ ಏನನ್ನು ನೆನಪಿಟ್ಟುಕೊಳ್ಳಬೇಕು ಎಂಬುದು ನಮ್ಮ ಕೈಯಲ್ಲಿದೆ. ಪಟ್ಟಿಯಲ್ಲಿ ‘ಗಿವ್ ಅಪ್’ ಎಂದು ಅಚ್ಚು ಮಾಡುವ ಬದಲು ‘ಗಿವ್ ಇಟ್ ಅಪ್’ ಎಂದು ಮಾಡಲಿ. ‘ಲುಕ್ ಆಫ್ಟರ್’ ಬದಲು ‘ಲುಕ್ ಆಫ್ಟರ್ ಇಟ್’, ‘ಪುಟ್ ಅಪ್ ವಿತ್’ ಬದಲು ‘ಪುಟ್ ಅಪ್ ವಿತ್ ಇಟ್’. ಒಂದು ‘ಇಟ್’ ಸೇರಿಸಿದರೆ ಮಗು ಉರು ಹೊಡೆದರೂ ವ್ಯಾಕರಣ ಸಮೇತ ಉರು ಹೊಡೆಯುತ್ತದೆ. ಕಾಗದದ ಖರ್ಚೂ ಹೆಚ್ಚುವುದಿಲ್ಲ.

ಮಾತಿನಿಂದ ಇಂಗ್ಲಿಷ್ ಕಲಿತವರು ಇದನ್ನು ತಾವಾಗಿಯೇ ಹೀಗೆ ಕಲಿಯುತ್ತಾರೆ. ಬೇಲೂರಿನ ಚೆನ್ನಕೇಶವ ಗುಡಿಯ ಬಾಗಿಲಲ್ಲಿ ವಿದೇಶದ ಪ್ರವಾಸಿಗೆ ಚಪ್ಪಲಿ ಬಿಡಲು ಹೇಳಬೇಕಾದವನಿಗೆ ‘ಟೇಕ್ ದೆಮ್ ಆಫ್’ ಎಂಬ ಇಡೀ ಮಾತು ಬೇಕು, ‘ಟೇಕ್ ಆಫ್’ ಎಂಬ ಪಟ್ಟಿಯ ಸಾಲು ಅಲ್ಲ. 1117ರ ಆ ಗುಡಿ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈ ಸೀಮೆಯ ಹುಡುಗ ಹುಡುಗಿಯರಿಗೆ ಮಾತಾಡುವ ಇಂಗ್ಲಿಷಿನ ಅಗತ್ಯ ಇನ್ನು ಮುಂದೆ ಹೆಚ್ಚೇ ಆಗುತ್ತದೆ. ಆ ಮಾತಾಡುವ ಇಂಗ್ಲಿಷಿನ ಜೀವವೇ ಈ ಪುಟ್ಟ ಪದಗಳಲ್ಲಿದೆ.

ಪದಗಳನ್ನು ಜೋಡಿಸಿ ಹೊಸ ಅರ್ಥ ಹುಟ್ಟಿಸುವುದು ಕನ್ನಡಕ್ಕೂ ಹೊಸದಲ್ಲ. ಅದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ಹೆಚ್ಚಿನವರು ಒಪ್ಪುವ ಆ ಶಾಸನದಲ್ಲಿ ‘ಬಾಳ್ಗಳ್ಚು’ ಎಂಬ ಪದವಿದೆ. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಕತ್ತಿ ತೊಳೆಯುವ ಹೆಸರಿನಲ್ಲಿ ಕೊಟ್ಟ ದತ್ತಿ ಅದು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಎರಡೂ ಕೂಡುವಾಗ ‘ಕ’ ಹೋಗಿ ‘ಗ’ ಬಂದಿದೆ. ಕರ್ಮವೂ ಕ್ರಿಯೆಯೂ ಬೆಸೆದುಕೊಂಡು ಒಂದೇ ಪದವಾಗಿ ಹೊಸ ಅರ್ಥ ತಾಳುವುದು ಕನ್ನಡಕ್ಕೆ ಅಷ್ಟು ಹಳೆಯ ಅಭ್ಯಾಸ. ಎಂಟು ಶತಮಾನಗಳ ಆಚೆ, ಸುಮಾರು 1260ರ ಹೊತ್ತಿಗೆ, ಹೊಯ್ಸಳರ ಕಾಲದ ಕೇಶಿರಾಜ ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣ ಬರೆದ. ಕೇಶಿರಾಜನ ಸಮಾಸ ಪ್ರಕರಣದಲ್ಲಿ ಕರ್ಮವೂ ಕ್ರಿಯೆಯೂ ಬೆಸೆದ ಇಂಥ ಪದಕ್ಕೆ, ಎಂದರೆ ಕ್ರಿಯಾಸಮಾಸಕ್ಕೆ, ಜಾಗವಿದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಪೂರ್ತಿ ಇಳಿಸಲಾಗದ ಕಡೆ ಕನ್ನಡದ ನಡೆಯನ್ನೇ ನೋಡಿ ಹೆಸರಿಡುವ ಧೈರ್ಯ ಅದು. ಸೂತ್ರಕ್ಕೆ ಆಧಾರವಾಗಿ ಅವನು ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಡುತ್ತಾನೆ. ಬಳಕೆ ಮೊದಲು, ನಿಯಮ ಆಮೇಲೆ.

ಕ್ರಿಯಾಸಮಾಸ ಇಂದಿಗೂ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿದೆ: ಕಣ್ದೆರೆ, ಮೈದಡವು, ಕೈಮುಗಿ. ಆಡುಮಾತಿನಿಂದ ‘ಕೈ’ ಒಂದನ್ನೇ ತೆಗೆದುಕೊಳ್ಳಿ. ಕೈಗೊಳ್ಳು, ಕೈಬಿಡು, ಕೈಕೊಡು. ಕೈಕೊಡು ಎಂದರೆ ನಂಬಿಸಿ ಮೋಸ ಮಾಡು ಎಂದು ಕೈ ಮತ್ತು ಕೊಡು ಎರಡನ್ನೂ ಬಲ್ಲ ಪರಭಾಷೆಯವರು ಊಹಿಸಲಾರರು. ‘ಗಿವ್’ ಮತ್ತು ‘ಅಪ್’ ಬಲ್ಲ ನಮ್ಮ ಮಗು ‘ಗಿವ್ ಅಪ್’ ಎದುರು ತಬ್ಬಿಬ್ಬಾಗುವುದೂ ಅದೇ ಕಾರಣಕ್ಕೆ. ಇಂಗ್ಲಿಷಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಹೊರಗಿನವರಿಗೆ ಈ ಬಗೆಯ ಜೋಡಿಗಳು ತೀರಾ ಕಷ್ಟ ಕೊಡುತ್ತವೆಂದು ಗುರುತಿಸಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಬರೆದ ಪುಸ್ತಕದಿಂದ ಹರಡಿದ್ದು. ಇಂಗ್ಲಿಷರಿಗೇ ಅದು ಅಷ್ಟು ಈಚಿನ ಹೆಸರು. ಕಷ್ಟಪಡುತ್ತಿರುವ ಮಗು ದಡ್ಡ ಅಲ್ಲ ಎಂದು ತಿಳಿಸಲು ಇಷ್ಟು ಸಾಲದೇ?

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬರಲೇಬಾರದು ಎನ್ನುವ ಪಂಥ ನಮ್ಮಲ್ಲಿ ಬಲವಾಗಿದೆ. ಕೇಳುತ್ತ ಕೇಳುತ್ತ ತಾನೇ ಬರುತ್ತದೆ ಎಂಬುದು ಅವರ ನಂಬಿಕೆ. ಮನೆಯಲ್ಲೂ ಬೀದಿಯಲ್ಲೂ ಇಂಗ್ಲಿಷ್ ಕಿವಿಗೆ ಬೀಳುವ ಬೆಂಗಳೂರಿನ ಬಡಾವಣೆಯಲ್ಲಿ ಅದು ನಡೆದೀತು. ಬಾಣಾವರದಿಂದಲೋ ಹಾರನಹಳ್ಳಿಯಿಂದಲೋ ಬಸ್ಸು ಹತ್ತಿ ಬರುವ ಮಗುವಿಗೆ ಇಂಗ್ಲಿಷ್ ಬಹುಪಾಲು ಆ ಒಂದು ಪೀರಿಯಡ್ಡಿನಲ್ಲಷ್ಟೇ ಸಿಗುವುದು. ಸಾವಿರ ಸಲ ಕೇಳಿ ತಾನಾಗಿ ಕಲಿಯುವಷ್ಟು ಹೊತ್ತು ಅಲ್ಲಿಲ್ಲ, ಕಾರಣ ತಿಳಿದು ಕಲಿಯುವ ಅಡ್ಡದಾರಿ ಬೇಕು. ಅಲ್ಲದೆ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ ಎಂಬುದೇ ಸುಳ್ಳು. ‘ಪಿಕ್ಡ್ ಅಪ್ ಹಿಮ್’ ಎಂಬ ವಾಕ್ಯದೊಳಗೆ ಕನ್ನಡವೇ ಕೂತಿದೆ, ಅದನ್ನು ಗುರುತಿಸಿ ಮಾತಾಡಿಸಿದರೆ ತಪ್ಪು ಸರಿಹೋಗುತ್ತದೆ. ಗುರುತಿಸಲೊಲ್ಲೆವು ಎಂದರೆ ಪ್ರತಿ ವರ್ಷ ಅದೇ ಕೆಂಪು ಗೆರೆ.

ಇದಕ್ಕೆ ಸರ್ಕಾರದ ಹೊಸ ಯೋಜನೆ ಬೇಕಿಲ್ಲ, ಪಠ್ಯಪುಸ್ತಕ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದೇ ಹೈಸ್ಕೂಲಿನಲ್ಲಿ ಒಂದು ಪೀರಿಯಡ್ಡಿನಲ್ಲಿ ಕನ್ನಡ ಮೇಷ್ಟ್ರು ಕ್ರಿಯಾಸಮಾಸ ಹೇಳುತ್ತಾರೆ, ಇನ್ನೊಂದರಲ್ಲಿ ಇಂಗ್ಲಿಷ್ ಮೇಡಂ ಫ್ರೇಸಲ್ ವರ್ಬ್ ಹೇಳುತ್ತಾರೆ, ಒಬ್ಬರ ಪಾಠ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ವರ್ಷದಲ್ಲಿ ಒಂದು ಪೀರಿಯಡ್ಡನ್ನು ಇಬ್ಬರೂ ಸೇರಿ ತೆಗೆದುಕೊಳ್ಳಲಿ. ಬೋರ್ಡಿನ ಒಂದು ಬದಿಗೆ ಅದನ್ನು ಕೈಗೊಳ್ಳು, ಅದನ್ನು ಕೈಬಿಡು, ಅದನ್ನು ಬರಕೋ, ಅದನ್ನು ಬಿಸಾಕು, ಅವನನ್ನು ಎಬ್ಬಿಸು, ಅವನನ್ನು ಹೊರಹಾಕು. ಇನ್ನೊಂದು ಬದಿಗೆ ಟೇಕ್ ಇಟ್ ಅಪ್, ಗಿವ್ ಇಟ್ ಅಪ್, ರೈಟ್ ಇಟ್ ಡೌನ್, ಥ್ರೋ ಇಟ್ ಅವೇ, ವೇಕ್ ಹಿಮ್ ಅಪ್, ಥ್ರೋ ಹಿಮ್ ಔಟ್. ಅದರ ಕೆಳಗೆ ಒಂದು ಗೆರೆ ಎಳೆದು ಬೇರೆಯದಾಗಿ ‘ಅವನ ಮೇಲೆ ಹಾರು’ ಮತ್ತು ‘ಜಂಪ್ ಆನ್ ಹಿಮ್’. ಎರಡು ಬದಿಯನ್ನೂ ನೋಡಿ ನಿಯಮವನ್ನು ಮಕ್ಕಳೇ ಹೇಳಲಿ, ಕನ್ನಡದಲ್ಲೇ ಹೇಳಲಿ. ಅದಕ್ಕೆ ಹೊಂದದ ಒಂದೆರಡನ್ನು ಮಾರನೆಯ ದಿನ ಅವರೇ ಹುಡುಕಿಕೊಂಡು ಬರಲಿ.